ಕೆಲಸ ಬೇಕು, ಹೆಸರು ಬೇಡವೇ?

ಓದು ಮುಗಿಸಿದ ಹುಡುಗ ಹುಡುಗಿಯರಿಗೆ ಉಪದೇಶ ಮಾಡುವ ಹೊಸ ತಳಿಯೊಂದು ನಮ್ಮ ಸಮಾಜದಲ್ಲಿ ಹುಟ್ಟಿಕೊಂಡಿದೆ. ಶಾದಿ ಮಹಲಿನಲ್ಲೋ ಕಾಲೇಜಿನ ಸಭಾಂಗಣದಲ್ಲೋ ಮೈಕು ಹಿಡಿದು ಇವರು ಹೇಳುವುದು ಒಂದೇ ಮಾತು. ಆನ್‌ಲೈನ್‌ನಲ್ಲಿ ನಿಮ್ಮದೊಂದು ಪೋರ್ಟ್‌ಫೋಲಿಯೊ ಮಾಡಿಕೊಳ್ಳಿ, ಕೆಲಸ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಬರದಿದ್ದರೆ? ತಪ್ಪು ನಿಮ್ಮದು. ಫೋಟೋ ಸರಿಯಿಲ್ಲ, ಇಂಗ್ಲಿಷ್ ಸರಿಯಿಲ್ಲ, ನಿಮ್ಮಲ್ಲಿ ಆತ್ಮವಿಶ್ವಾಸವಿಲ್ಲ. ನಿರುದ್ಯೋಗದ ಹೊಣೆಯನ್ನು ಸರ್ಕಾರದಿಂದ, ಮಾಲೀಕರಿಂದ, ಸಮಾಜದಿಂದ ಇಳಿಸಿ ಹತ್ತೊಂಬತ್ತು ವರ್ಷದ ಹುಡುಗನ ಮೊಬೈಲಿನೊಳಗೆ ಇಟ್ಟುಬಿಡುವ ಈ ಜಾಣತನವನ್ನು ಯಾರೂ ಪ್ರಶ್ನಿಸುತ್ತಿಲ್ಲ.

ಹಾಗೆಂದು ನಾನು ಪೋರ್ಟ್‌ಫೋಲಿಯೊದ ವಿರೋಧಿ ಎಂದು ತಿಳಿಯಬೇಡಿ. ನಾನು ಮಾಡಿದ ಕೆಲಸ ಇದು, ಇದನ್ನು ಇಂಥವರಿಗೆ ಮಾಡಿಕೊಟ್ಟೆ, ಬೇಕಾದರೆ ಈ ನಂಬರಿಗೆ ಫೋನ್ ಮಾಡಿ ಎಂದು ನಾಲ್ಕು ಜನ ನೋಡುವ ಕಡೆ ಇಡುವುದು ಅಷ್ಟೇ ಅದು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ನಮ್ಮ ಮೋಟೆಬೆನ್ನೂರಿನಂಥ ಊರಿಗೆ ಇದು ಹೊಸದೂ ಅಲ್ಲ. ಫ್ಲೆಕ್ಸ್ ಬರುವ ಮುನ್ನ ಗೋಡೆಯ ಮೇಲೆ, ಅಂಗಡಿಯ ತಗಡಿನ ಬೋರ್ಡಿನ ಮೇಲೆ ಅಕ್ಷರ ಬರೆಯುತ್ತಿದ್ದ ಪೇಂಟರ್ ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ತನ್ನ ಹೆಸರು, ಊರು ಬರೆಯುತ್ತಿದ್ದ. ಬೋರ್ಡು ಅಂಗಡಿಯವನದು, ಮೂಲೆ ಪೇಂಟರನದು. ರಾಣೆಬೆನ್ನೂರಿನಲ್ಲಿ ಬಸ್ಸಿಗೆ ಕಾಯುವವನು ಆ ಮೂಲೆ ಓದಿ ಬ್ಯಾಡಗಿಗೆ ಬಂದು ಅವನನ್ನು ವಿಚಾರಿಸುತ್ತಿದ್ದ. ಫೋಟೋ ಸ್ಟುಡಿಯೋದವನು ಗಾಜಿನ ಹಿಂದೆ ಮದುವೆ ಜೋಡಿಗಳನ್ನು ತೂಗುಹಾಕುತ್ತಿದ್ದ. ದರ್ಜಿ ತಾನು ಹೊಲಿದ ಶೇರ್ವಾನಿಯನ್ನು ಅಂಗಡಿಯ ಬಾಗಿಲಿಗೇ ನೇತುಹಾಕುತ್ತಿದ್ದ. ಫ್ಲೆಕ್ಸ್ ಯಂತ್ರ ಬಂತು, ಮೂಲೆಯ ಹೆಸರು ಹೋಯಿತು. ಅಕ್ಷರ ಬರೆಯುತ್ತಿದ್ದ ಕೈಗಳು ಗೋಡೆಗೆ ಸುಣ್ಣ ಬಳಿಯಲು ಹೋದವು.

ಹೆಸರಿಗೆ ಎಷ್ಟು ಬೆಲೆಯಿದೆ ಎಂದು ನಮ್ಮ ಸೀಮೆಯವರಿಗೆ ಬೇರೆ ಊರಿನವರು ಬಂದು ಹೇಳಿಕೊಡಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ನೋಡಿ. ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಬಣ್ಣ ತೆಗೆದು ಆಹಾರಕ್ಕೂ ಬಳಸುತ್ತಾರೆ, ತುಟಿಗೆ ಹಚ್ಚುವ ರಂಗಿಗೂ ಬಳಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. ಎಂದರೆ ಮೆಣಸಿನಕಾಯಿಗೆ ಊರಿದೆ, ಹೆಸರಿದೆ, ಕಾನೂನಿನ ರಕ್ಷಣೆಯಿದೆ. ಆದರೆ ಘಾಟಿನಲ್ಲಿ ಕೆಮ್ಮುತ್ತಾ ಕುಳಿತು ಅದರ ತೊಟ್ಟು ಬಿಡಿಸುವ, ಕಣ್ಣಳತೆಯಲ್ಲೇ ಮೇಲು-ಕೀಳು ಬೇರೆ ಮಾಡುವ ಹೆಂಗಸಿಗೆ? ಅವಳ ಕಸುಬು ಯಾವ ಪಟ್ಟಿಯಲ್ಲೂ ಇಲ್ಲ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ವಿಶ್ವಕರ್ಮ ಯೋಜನೆ ತಂದು 18 ಕಸುಬುಗಳಿಗೆ ಗುರುತಿನ ಚೀಟಿ, ಉಪಕರಣಕ್ಕೆ 15,000 ರೂಪಾಯಿ ಎಂದಿತು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಅದರಲ್ಲಿದ್ದಾರೆ. ಒಳ್ಳೆಯದೇ. ವೆಲ್ಡಿಂಗ್ ಮಾಡುವವನು, ವೈರಿಂಗ್ ಎಳೆಯುವವನು, ಟೈಲ್ಸ್ ಕೂಡಿಸುವವನು, ಟ್ರ್ಯಾಕ್ಟರ್ ರಿಪೇರಿಯವನು ಆ ಹದಿನೆಂಟರಲ್ಲಿ ಇಲ್ಲ. ನಮ್ಮ ಹುಡುಗರಲ್ಲಿ ಎಷ್ಟೋ ಜನ ಇರುವುದು ಈ ಕೆಲಸಗಳಲ್ಲೇ. ಸರ್ಕಾರ ಬರೆದುಕೊಳ್ಳದ ಕಸುಬನ್ನು ಕಸುಬುದಾರನೇ ಬರೆದಿಡಬೇಕು. ಪೋರ್ಟ್‌ಫೋಲಿಯೊ ಬೇಕಾದದ್ದು ಇದಕ್ಕೆ.

ಈಗ ಉಪದೇಶಕರು ಹೇಳಿಕೊಡುವ ಮಾದರಿ ನೋಡಿ. ಮೊದಲ ಸಾಲಿನಲ್ಲೇ 'ಡೈನಾಮಿಕ್', 'ಪ್ಯಾಷನೇಟ್', 'ಹಾರ್ಡ್‌ವರ್ಕಿಂಗ್'. ಮೂವತ್ತು ಹುಡುಗರು ಒಂದೇ ಕಡೆಯಿಂದ ನಕಲು ಮಾಡಿದ ಮೂರು ಪದಗಳು. ಕೆಲಸ ಎಲ್ಲಿದೆ? ಮಾಡಿದ ಗೇಟು ಎಲ್ಲಿ? ಅದಕ್ಕೆ ಎಷ್ಟು ದಿನ ಹಿಡಿಯಿತು, ಎಷ್ಟು ಕಬ್ಬಿಣ ಹೋಯಿತು, ಮಳೆಗಾಲ ಕಳೆದ ಮೇಲೆ ಅದು ಹೇಗಿದೆ? ಗಿರಾಕಿ ಕೇಳುವುದು ಇದನ್ನು. ಆ ಗಿರಾಕಿ ಇರುವುದು ಹಾವೇರಿಯಲ್ಲಿ, ಹಿರೇಕೆರೂರಿನಲ್ಲಿ. ಅವನು ಓದುವುದು ಕನ್ನಡ. ನಮ್ಮ ಹುಡುಗರು ಮನೆಯಲ್ಲಿ ಉರ್ದು ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಗಿರಾಕಿಯ ಮುಂದೆ ಅರ್ಥವಾಗದ ಇಂಗ್ಲಿಷ್ ಹಿಡಿದು ನಿಲ್ಲುತ್ತಾರೆ. ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕುವವರಿಗೆ ಇಂಗ್ಲಿಷ್ ಬೇಕು, ಒಪ್ಪೋಣ. ಉಳಿದವರಿಗೆ ಏಕೆ? (ಕನ್ನಡ ಎಂದಾಗ ಇನ್ನೊಂದು ಮಾತು. ಹಳೆಯ ನುಡಿ ಅಕ್ಷರದಲ್ಲಿ ಟೈಪು ಮಾಡಿದ್ದು ಜಾಲತಾಣಕ್ಕೆ ಹೋದರೆ ಗೀಚಿದಂತೆ ಕಾಣುತ್ತದೆ, ಯಾರು ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡ್‌ನಲ್ಲೇ ಬರೆಯಬೇಕು. ಡಿಟಿಪಿ ಅಂಗಡಿಗೆ ದುಡ್ಡು ಕೊಡುವ ಮುನ್ನ ಇದನ್ನು ಕೇಳಿಕೊಳ್ಳಿ.)

ಮುಖ್ಯವಾದ ಮಾತಿಗೆ ಬರುತ್ತೇನೆ. ಆರಿ ಕೆಲಸದಲ್ಲಿ ಪಳಗಿದ ಕೈಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: 'ಚಾಚಾ, ನನ್ನ ಹೆಸರು ಹಾಕಲೇಬೇಕೇನ್ರಿ? ಹೆಸರು ಬ್ಯಾಡ, ಬರೀ ಡಿಸೈನರ್ ಬ್ಲೌಸ್ ಅಂತ ಹಾಕು, ಆರ್ಡರ್ ಜಾಸ್ತಿ ಬರ್ತಾವ ಅಂತ ಕ್ಲಾಸಿನ್ಯಾಗ ಸರ್ ಹೇಳ್ಯಾರ.'

ಆ ಸರ್ ಹೇಳಿದ್ದು ಸುಳ್ಳೆಂದು ಹೇಳಲು ನನ್ನಲ್ಲಿ ಪುರಾವೆ ಇಲ್ಲ. ನಿಜವೆಂದು ಹೇಳಲು ಬೇಕಾದಷ್ಟಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿ ನೋಡಿದರು. ಓದು ಒಂದೇ, ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೇಲ್ಜಾತಿಯ ಹಿಂದೂ ಹೆಸರಿನ ಪಕ್ಕದಲ್ಲಿಟ್ಟರೆ, ಮುಂದಿನ ಸುತ್ತಿಗೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು. ಫೋಟೋ ನೋಡುವ ಮೊದಲು, ಮಾತು ಕೇಳುವ ಮೊದಲು, ಕೇವಲ ಹೆಸರಿಗೆ. ಆಮೇಲೆ 2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಕೂಗು ಎದ್ದಿತು. 2024ರ ಜುಲೈನಲ್ಲಿ ಉತ್ತರ ಪ್ರದೇಶದ ಕಾವಡ ಯಾತ್ರೆಯ ದಾರಿಯಲ್ಲಿ ಅಂಗಡಿ ಮಾಲೀಕರು ತಮ್ಮ ಹೆಸರಿನ ಫಲಕ ಹಾಕಬೇಕೆಂಬ ಆದೇಶ ಬಂತು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ವಿಚಿತ್ರ ನೋಡಿ: ಹಣ್ಣಿನ ಗಾಡಿಯವನಿಗೆ ಹೆಸರು ಹಾಕು ಎಂಬ ಒತ್ತಾಯ, ಹೊಲಿಗೆಯವಳಿಗೆ ಹೆಸರು ತೆಗೆ ಎಂಬ ಸಲಹೆ. ಎರಡರ ಹಿಂದೆ ಇರುವ ಲೆಕ್ಕ ಒಂದೇ.

ಹೊಟ್ಟೆಪಾಡಿಗೆ ಹೆಸರು ಮರೆಸಿದವರ ಮೇಲೆ ನನಗೆ ಸಿಟ್ಟಿಲ್ಲ. 1944ರಲ್ಲಿ ಯೂಸುಫ್ ಖಾನ್ ತೆರೆಯ ಮೇಲೆ ದಿಲೀಪ್ ಕುಮಾರ್ ಆದರು. ಮಹಜಬೀನ್ ಬಾನು ಮೀನಾ ಕುಮಾರಿ ಆದರು. ಯಾರೂ ಅವರನ್ನು ಹೇಡಿಗಳೆನ್ನಲಿಲ್ಲ, ಎನ್ನಬೇಕಾಗಿಯೂ ಇಲ್ಲ. ನನ್ನ ಸಿಟ್ಟು ಆ ಸಲಹೆಯನ್ನೇ ಪಾಠವಾಗಿ ಹೇಳಿ ಫೀಸು ತೆಗೆದುಕೊಳ್ಳುವವರ ಮೇಲೆ. ಭೇದ ಮಾಡುವವನಿಗೆ ಒಂದು ಮಾತಿಲ್ಲ, ಭೇದಕ್ಕೆ ಒಳಗಾದವಳಿಗೆ ಮರೆಯಾಗುವ ತರಬೇತಿ. ಈ ತರಬೇತಿ ಕೊನೆಗೆ ನಡೆಯುವುದೂ ಇಲ್ಲ. ಹಣ ಕಳಿಸುವಾಗ ಗಿರಾಕಿಯ ಮೊಬೈಲಿನಲ್ಲಿ ಬ್ಯಾಂಕ್ ಖಾತೆಯ ಹೆಸರು ಕಾಣುತ್ತದೆ. ಅಳತೆ ಕೊಡಲು ಬಂದವಳಿಗೆ ಮನೆ ಕಾಣುತ್ತದೆ. ಆಗ ಗಿರಾಕಿ ಹೋದರೆ ಆರ್ಡರೂ ಹೋಯಿತು, 'ಮೋಸ ಮಾಡಿದಳು' ಎಂಬ ಮಾತೂ ಉಳಿಯಿತು. ಹೆಸರು ಓದಿ ಬಂದ ಹತ್ತು ಗಿರಾಕಿಗಳು ಹೆಸರು ತಿಳಿಯದೆ ಬಂದ ಮೂವತ್ತು ಗಿರಾಕಿಗಳಿಗಿಂತ ಹೆಚ್ಚು ದಿನ ಉಳಿಯುತ್ತಾರೆ. ಆ ಹುಡುಗಿಗೆ ನಾನು ಹೇಳಿದ್ದು ಇದನ್ನೇ. ಹಾಕುವುದೂ ಬಿಡುವುದೂ ಅವಳಿಗೆ ಸೇರಿದ್ದು ಎಂದೂ ಹೇಳಿದೆ.

ನಮ್ಮವರದೂ ಒಂದು ಪಾಲಿದೆ, ಅದನ್ನು ಬಿಟ್ಟು ಹೊರಗಿನವರನ್ನೇ ಬೈದರೆ ಲೇಖನ ಅರ್ಧವಾಗುತ್ತದೆ. ಹೆಣ್ಣುಮಗಳ ಹೆಸರು, ನಂಬರು ಮೊಬೈಲಿನಲ್ಲಿ ಊರೆಲ್ಲ ಓಡಾಡಿದರೆ ಇಜ್ಜತ್ ಏನಾಗಬೇಕು ಎಂದು ಕೇಳುವ ಹಿರಿಯರಿದ್ದಾರೆ. 2021ರಲ್ಲಿ 'ಸುಲ್ಲಿ ಡೀಲ್ಸ್', 2022ರ ಮೊದಲ ದಿನವೇ 'ಬುಲ್ಲಿ ಬಾಯಿ' ಎಂಬ ಹೊಲಸು ಆ್ಯಪ್‌ಗಳಲ್ಲಿ ಮುಸ್ಲಿಂ ಮಹಿಳೆಯರ ಫೋಟೋಗಳನ್ನು 'ಹರಾಜಿಗೆ' ಇಟ್ಟಾಗ ಇವರಿಗೆ ಒಳ್ಳೆಯ ಅಸ್ತ್ರ ಸಿಕ್ಕಿತು. ನೋಡಿದಿರಾ, ನಾವು ಹೇಳಿರಲಿಲ್ಲವೇ? ಆ ಆ್ಯಪ್‌ನವರು ಆರಿಸಿಕೊಂಡದ್ದು ಯಾರನ್ನು? ಪತ್ರಕರ್ತೆಯರನ್ನು, ಹೋರಾಟಗಾರ್ತಿಯರನ್ನು, ಪೈಲಟ್ ಒಬ್ಬರನ್ನು. ತಮ್ಮ ಕೆಲಸದಿಂದ ಹೆಸರಾದವರನ್ನು. ಅವರು ಹೆದರಿ ಒಳಗೆ ಸೇರಲಿ ಎಂಬುದೇ ಆ ಪುಂಡರ ಉದ್ದೇಶವಾಗಿತ್ತು. ಆ ಉದ್ದೇಶವನ್ನು ನಮ್ಮ ಪಡಸಾಲೆಯಲ್ಲೇ ನಾವು ಈಡೇರಿಸಿ ಕೊಡಬೇಕೇ? ಬ್ಲೌಸಿನ ಕೆಲಸ ತೋರಿಸಲು ಮುಖ ತೋರಿಸಬೇಕಿಲ್ಲ. ಕೈ, ಸೂಜಿ, ಬಟ್ಟೆ ಸಾಕು. ಮನೆಯ ವಿಳಾಸ ಹಾಕದೆ ಊರಿನ ಹೆಸರು ಹಾಕಬಹುದು, ವ್ಯಾಪಾರಕ್ಕೆ ಬೇರೆ ನಂಬರು ಇಡಬಹುದು. ಇದನ್ನು ಹೇಳಿಕೊಡುವುದು ಬಿಟ್ಟು ಬಾಗಿಲು ಹಾಕಿಕೊಳ್ಳುವವರು, ಅವಳು ದುಡಿದು ತಂದ ಹಣಕ್ಕೆ ಮಾತ್ರ ಬಾಗಿಲು ತೆರೆದಿಟ್ಟಿರುತ್ತಾರೆ.

ಇನ್ನೊಂದು ಅಪಾಯದ ಬಗ್ಗೆ ಯಾವ ಉಪದೇಶಕನೂ ಬಾಯಿ ಬಿಡುವುದಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಹಾಡು, ಕುಣಿತ, ನಗೆಮಾತು ಎಲ್ಲವನ್ನೂ ಅಲ್ಲೇ ಇಟ್ಟಿದ್ದ ಹಳ್ಳಿಯ ಕಲಾವಿದರು ಬೆಳಗಾಗುವಷ್ಟರಲ್ಲಿ ನೋಡುಗರನ್ನೆಲ್ಲ ಕಳೆದುಕೊಂಡರು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. 2014ರಲ್ಲಿ ಆರ್ಕುಟ್ ಮುಚ್ಚಿದಾಗ ಯಾವ ನಿಷೇಧವೂ ಇರಲಿಲ್ಲ, ಮಾಲೀಕರಿಗೆ ಬೇಡವಾಯಿತು, ಅಷ್ಟೇ. ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲವೂ ಬಾಡಿಗೆ ಮನೆಗಳು, ಕರಾರು ಪತ್ರವೂ ನಮ್ಮ ಕೈಯಲ್ಲಿಲ್ಲ. ಇರಬೇಡಿ ಎನ್ನುತ್ತಿಲ್ಲ. ಫೋಟೋಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಗಿರಾಕಿಗಳ ಹೆಸರು, ನಂಬರು ಒಂದು ನೋಟ್‌ಬುಕ್ಕಿನಲ್ಲಿ ಮನೆಯಲ್ಲಿರಲಿ. ಕಿರಾಣಿ ಅಂಗಡಿಯವನ ಉದ್ರಿ ಪುಸ್ತಕಕ್ಕಿರುವ ಆಯುಷ್ಯ ಎಷ್ಟೋ ಆ್ಯಪ್‌ಗಳಿಗಿಲ್ಲ.

ಪಟ್ಟಿಯಲ್ಲಿ ಹೆಸರಿರುವುದು ಏನು ಮಾಡುತ್ತದೆ ಎಂಬುದಕ್ಕೆ ನಮ್ಮೂರಿನದೇ ಸಾಕ್ಷಿಯಿದೆ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವರ ಪಟ್ಟಿಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವರ ಹೆಸರಿದೆ. ಇಪ್ಪತ್ತು ತುಂಬದ ಹುಡುಗ. 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಯಾತ್ರಿಕರ ಹೆಸರು ಬರೆದಿಟ್ಟವರಿದ್ದರು, ಉಳಿಯಿತು. 2023ರ ಜನವರಿಯಲ್ಲಿ ಇದೇ ಹಾವೇರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮುಸ್ಲಿಂ ಲೇಖಕರನ್ನು ಕಡೆಗಣಿಸಲಾಗಿದೆ ಎಂದು ದೊಡ್ಡ ವಿವಾದವಾಗಿ, ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನವೇ ನಡೆಯಿತು. ಶಿಶುನಾಳ ಶರೀಫರ ಜಿಲ್ಲೆಯಲ್ಲಿ ಹೀಗಾಯಿತು. ಎರಡೂವರೆ ವರ್ಷ ಕಳೆಯುವುದರೊಳಗೆ, 2025ರ ಮೇ ತಿಂಗಳಲ್ಲಿ, ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು. ಆ ಕಥೆಗಳು ಕನ್ನಡದಲ್ಲಿ ದಶಕಗಳಿಂದ ಇದ್ದವು. ಅದೇ ಹೆಸರಿನಲ್ಲಿ.

ಆದ್ದರಿಂದ ಭಾಷಣ ಸಾಕು. ಜಮಾತಿನ ಹಿರಿಯರು ಶಾದಿ ಮಹಲನ್ನು ವಾರಕ್ಕೊಂದು ದಿನ ಬಿಟ್ಟುಕೊಡಲಿ. ಗ್ರಾಮ ಪಂಚಾಯಿತಿಯವರು ಅರಿವು ಕೇಂದ್ರದ ಕಂಪ್ಯೂಟರ್ ಬಳಸಲು ಕೊಡಲಿ. ಯಾವ ಜಾತಿ, ಯಾವ ಮೊಹಲ್ಲಾ ಎಂದು ಕೇಳದೆ ಊರಿನ ಕಸುಬುದಾರರೆಲ್ಲ ಬರಲಿ. ಓದಿದ ಹುಡುಗರು ಅವರ ಕೆಲಸದ ಫೋಟೋ ತೆಗೆದು, ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಹೆಸರು ಹಾಕಿಕೊಡಲಿ. ತೊಟ್ಟು ಬಿಡಿಸುವವಳಿಂದಲೇ ಶುರು ಮಾಡಬಹುದು. ಮೊದಲ ದಿನ ಕುರ್ಚಿ ಜೋಡಿಸಲು ನಾನು ಬರುತ್ತೇನೆ.