ಪಹಣಿಯಲ್ಲಿ ಅಜ್ಜ, ಬಾಂಡಿನಲ್ಲಿ ಮೊಮ್ಮಗ

ಶಿರಸಿಯಿಂದ 18 ಕಿಲೋಮೀಟರ್, 6 ಎಕರೆ, ಅಡಿಕೆ ತೋಟ, ಹಳೇ ಹೆಂಚಿನ ಮನೆ, ಹರಿಯುವ ಹಳ್ಳ, ಕಾಗದಪತ್ರ ಕ್ಲಿಯರ್, ತುರ್ತು ಮಾರಾಟ. ಇಂಥ ಮೆಸೇಜು ವಾಟ್ಸ್‌ಆ್ಯಪ್‌ಗೆ ಬರದ ವಾರವಿಲ್ಲ. ಸಿದ್ದಾಪುರದ್ದೂ ಬರುತ್ತದೆ, ಯಲ್ಲಾಪುರದ್ದೂ ಬರುತ್ತದೆ. ಜೊತೆಗೆ ಮಳೆಗಾಲದಲ್ಲಿ ತೆಗೆದ ನಾಲ್ಕು ಫೋಟೊ. (ಅದೇ ಹಳ್ಳದ ಏಪ್ರಿಲ್ ತಿಂಗಳ ಫೋಟೊ ಯಾರೂ ಹಾಕುವುದಿಲ್ಲ.)

ನೋಡಿದವರು ರೇಟು ಕೇಳುತ್ತಾರೆ, ರಸ್ತೆ ಕೇಳುತ್ತಾರೆ, ನೆಟ್‌ವರ್ಕ್ ಸಿಗುತ್ತದಾ ಎಂದು ಕೇಳುತ್ತಾರೆ. ಜಾಗ ಯಾರದ್ದು ಎಂದು ಕೇಳುವವರು ಕಡಿಮೆ. ಮಾರುತ್ತಿರುವವನದ್ದೇ ಇರಬೇಕಲ್ಲ? ನಮ್ಮ ಮೂರು ತಾಲೂಕಿನಲ್ಲಿ ಎಷ್ಟೋ ಸಲ ಹಾಗಿರುವುದಿಲ್ಲ. ಅದರಲ್ಲಿ ಒಂದಿಷ್ಟು ಅರಣ್ಯ ಇಲಾಖೆಯದ್ದು, ಒಂದಿಷ್ಟು ಸರ್ಕಾರದ ಸವಲತ್ತು, ಉಳಿದದ್ದು ಮಾರುವವನ ಅಕ್ಕತಂಗಿಯರದ್ದು, ದೊಡ್ಡಪ್ಪನ ಮಕ್ಕಳದ್ದು. ಹೀಗಿದ್ದೂ ಬಾಂಡ್ ಪೇಪರ್ ಮೇಲೆ ಸಹಿ ಹಾಕಿ ಲಕ್ಷಗಟ್ಟಲೆ ಎಣಿಸಿಕೊಳ್ಳುವುದಕ್ಕೆ ನಾವು ಜಮೀನು ವ್ಯವಹಾರ ಎನ್ನುತ್ತೇವೆ. ನನ್ನ ಪ್ರಕಾರ ಅದು ಮೋಸ. ಮಾರುವವನಿಗೆ ಅದು ಮೋಸ ಎಂದು ಅನಿಸದೇ ಇರಬಹುದು, ಅದು ಬೇರೆ ಮಾತು.

ಮೊದಲು ಆ 6 ಎಕರೆಯನ್ನು ಬಿಡಿಸಿ ನೋಡಿ. ತೋಟ ಒಂದು ಎಕರೆ ಇದ್ದೀತು. ಉಳಿದ ಐದು? ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಅಡಿಕೆ ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟದ್ದು ಸೊಪ್ಪು, ದರಕು, ಹುಲ್ಲು ತಂದು ತೋಟ ಸಾಕಲಿ ಎಂದು. ಭೂಕಂದಾಯ ಕಾಯ್ದೆಯ 79ನೇ ಕಲಮು ಕುಮ್ಕಿ, ಬಾಣೆ, ಹಾಡಿಗಳ ಸಾಲಿನಲ್ಲೇ ಬೆಟ್ಟವನ್ನೂ ಇಟ್ಟಿದೆ. ಇವೆಲ್ಲ ಸವಲತ್ತುಗಳು, ಮಾಲ್ಕಿ ಅಲ್ಲ. ಬೆಟ್ಟದಲ್ಲಿ ಹೋಂಸ್ಟೇ ಕಟ್ಟುವಂತಿಲ್ಲ, ಸೈಟು ಮಾಡುವಂತಿಲ್ಲ, ಮಾಲ್ಕಿ ಎಂದು ಮಾರುವಂತಿಲ್ಲ. ತೋಟದ ಬೆನ್ನಿಗೆ ಅದು ಬರುತ್ತದೆ, ಅಷ್ಟೆ. ದಲ್ಲಾಳಿ ಮಾತ್ರ ಆರೂ ಎಕರೆಗೆ ಒಂದೇ ರೇಟು ಹೇಳಿ ಕಮಿಷನ್ ತಗೊಂಡು ಹೋಗುತ್ತಾನೆ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು ಹಾಕಿದರು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತು. ಹೊರಗಿನ ಗಿರಾಕಿಗೆ ದಾರಿ ಸಲೀಸಾಯಿತು. ಕೊಳ್ಳುವವರ ಮೇಲಿನ ನಿರ್ಬಂಧ ಹೋಯಿತೇ ಹೊರತು ಮಾರುವವರ ಹಕ್ಕು ಒಂದು ಗುಂಟೆಯಷ್ಟೂ ಹೆಚ್ಚಾಗಲಿಲ್ಲ.

ಇನ್ನು ಅತಿಕ್ರಮಣದ ಜಾಗ. ಇಲ್ಲಿ ಬೆಂಗಳೂರಿನವರಿಗಿಂತ ಹೆಚ್ಚು ಮೋಸ ಹೋಗುವುದು ನಮ್ಮ ಪಕ್ಕದ ಮನೆಯವರೇ. ಕೂಲಿಗೆ ಹೋಗುವ ಗಂಡಹೆಂಡತಿ ಸಂಘದ ಸಾಲ ತೆಗೆದು ಮನೆ ಕಟ್ಟಲೆಂದು ಮೂರು ಗುಂಟೆ ತಗೊಳ್ಳುತ್ತಾರೆ. ಮಾರುವವನು ಹೇಳುವ ಮಾತು ಎಲ್ಲ ಊರಲ್ಲೂ ಒಂದೇ. ಜಿಪಿಎಸ್ ಆಗಿದೆ, ಮನೆ ನಂಬರ್ ಇದೆ, ಕರೆಂಟ್ ಇದೆ, ಪಂಚಾಯಿತಿ ಟ್ಯಾಕ್ಸ್ ಕಟ್ಟುತ್ತಿದ್ದೇವೆ, ಎಂತೂ ಆಗ್ತಿಲ್ಲೆ.

ಜಿಪಿಎಸ್ ಎಂದರೆ ಅರ್ಜಿ ಹಾಕಿದವನು ತೋರಿಸಿದ ಜಾಗವನ್ನು ಅಳೆದಿದ್ದಾರೆ ಎಂದು, ಅಷ್ಟೇ. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಆ ಕಾಡಿನಲ್ಲಿ ಇದ್ದವರಿಗೆ ಅದು ಹಕ್ಕು ಕೊಡುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರಾದರೆ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. ಈ ಷರತ್ತಿನ ಮೇಲೆಯೇ ನಮ್ಮ ಜಿಲ್ಲೆಯ ಅರ್ಜಿಗಳು ರಾಶಿಗಟ್ಟಲೆ ಬಿದ್ದುಹೋದವು. ಹಕ್ಕುಪತ್ರ ಸಿಕ್ಕರೂ ಅದೇ ಕಾಯ್ದೆಯ 4ನೇ ಕಲಮು ಹೇಳುತ್ತದೆ: ಈ ಹಕ್ಕು ಮಕ್ಕಳಿಗೆ ಹೋಗುತ್ತದೆ, ಪರಭಾರೆ ಮಾಡುವಂತಿಲ್ಲ. ಮದುವೆಯಾದವರಾದರೆ ಗಂಡಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು.

ಈಗ ಲೆಕ್ಕ ಹಾಕಿ. ಅರ್ಜಿ ಇರುವುದು ಮಾರಿದವನ ಹೆಸರಲ್ಲಿ. ಅವನು ಜಾಗ ಬಿಟ್ಟು ಎದ್ದು ಹೋದ, ಅಂದರೆ ತಾನು ಅಲ್ಲಿ ವಾಸವಿಲ್ಲ ಎಂದು ತಾನೇ ಸಾಕ್ಷಿ ಕೊಟ್ಟ. ಕೊಂಡವನು ಬಂದದ್ದು 2005ರ ನಂತರ, ಅವನಿಗೆ ಅರ್ಜಿ ಹಾಕುವ ಅರ್ಹತೆಯೇ ಇಲ್ಲ. ಒಂದು ಬಾಂಡ್ ಪೇಪರಿನಲ್ಲಿ ಇಬ್ಬರೂ ಹಕ್ಕು ಕಳೆದುಕೊಂಡರು. ಯಲ್ಲಾಪುರ ಕಡೆಯ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು. 75 ವರ್ಷದ ಷರತ್ತು ಅವರಿಗಿಲ್ಲ, ಈ ಕಾಯ್ದೆಯಲ್ಲಿ ಎಲ್ಲರಿಗಿಂತ ಗಟ್ಟಿ ಹಕ್ಕು ಅವರದ್ದು. ಅಂಥ ಮನೆಯಿಂದ ಆಸ್ಪತ್ರೆ ಖರ್ಚಿಗೋ ಮದುವೆ ಖರ್ಚಿಗೋ ಜಾಗ ಬರೆಸಿಕೊಳ್ಳುವವರನ್ನು ಏನೆಂದು ಕರೆಯಬೇಕು? ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯೇ ಇದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಮಾರಾಟವೇ ಅಸಿಂಧು. ಜಮೀನು ವಾಪಸು ಕೇಳಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ.

ಇಷ್ಟಾದರೂ ಬೆಟ್ಟ, ಅತಿಕ್ರಮಣ ಎಂದರೆ ಜನ ಸ್ವಲ್ಪ ಹೆದರುತ್ತಾರೆ. ಯಾರೂ ಹೆದರದೇ ಇರುವುದು ಮಾಲ್ಕಿ ಜಮೀನಿಗೆ. ನಿಜವಾದ ಗುಂಡಿ ಇರುವುದು ಅಲ್ಲಿ.

ನಮ್ಮ ಕಡೆ ಪಾಲು ಬಾಯಲ್ಲೇ ಆಗುತ್ತದೆ. ಮೇಲಿನ ತೋಟ ಅಣ್ಣನಿಗೆ, ಕೆಳಗಿನದ್ದು ತಮ್ಮನಿಗೆ, ಗದ್ದೆ ಅರ್ಧರ್ಧ, ನೀರಿನ ಸರದಿ ದಿನ ಬಿಟ್ಟು ದಿನ. ಊರಿನ ನಾಲ್ಕು ಹಿರಿಯರು ಕೂತು ಮಾತಾಡಿ, ಉಂಡು ಎದ್ದರೆ ಮುಗಿಯಿತು. ಮೂವತ್ತು ವರ್ಷ ಎಲ್ಲರೂ ಅದನ್ನೇ ಪಾಲಿಸುತ್ತಾರೆ. ಒಬ್ಬರ ಕೊನೆಗೊಯ್ಲಿಗೆ ಇನ್ನೊಬ್ಬರು ಕೈಹಾಕುವುದಿಲ್ಲ. ತಾಲೂಕು ಕಚೇರಿಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ. ಅಲ್ಲಿ ಅಜ್ಜ ಇನ್ನೂ ಬದುಕಿದ್ದಾನೆ. ಪಹಣಿಯ 9ನೇ ಕಾಲಂ ತೆಗೆದು ನೋಡಿ, ಅವನ ಹೆಸರೇ ಇರುತ್ತದೆ. ಪೌತಿ ಖಾತೆ ಮಾಡಿಸಿದ ಮನೆಯಲ್ಲಿ ಹತ್ತು ಹದಿನೈದು ಜನರ ಜಂಟಿ ಹೆಸರು ಇರುತ್ತದೆ. ಪೌತಿ ಆಯಿತು ಎಂದರೆ ಪಾಲು ಆಯಿತು ಎಂದಲ್ಲ. ಖಾತೆ ಬದಲಾವಣೆ ಕಂದಾಯದ ಲೆಕ್ಕಕ್ಕೆ ಮಾತ್ರ, ಅದರಿಂದ ಒಡೆತನ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ.

ಅಜ್ಜನಿಗೆ ಮೂರು ಗಂಡು, ನಾಲ್ಕು ಹೆಣ್ಣು ಎಂದಿಟ್ಟುಕೊಳ್ಳಿ. ಅವರಲ್ಲಿ ಮೂವರು ತೀರಿಕೊಂಡಿದ್ದಾರೆ, ಅವರ ಗಂಡ ಹೆಂಡತಿ ಮಕ್ಕಳಿದ್ದಾರೆ. ಸಹಿ ಬೇಕಾದವರ ಪಟ್ಟಿ ಇಪ್ಪತ್ತು ಮುಟ್ಟುವುದು ದೊಡ್ಡ ಮಾತಲ್ಲ. ಒಬ್ಬಳು ಹುಬ್ಬಳ್ಳಿಯಲ್ಲಿ, ಒಬ್ಬ ಪುಣೆಯಲ್ಲಿ, ಒಬ್ಬ ಅಮೆರಿಕದಲ್ಲಿ. ಮಾರಲು ಬಂದವನು ಒಬ್ಬ ಮೊಮ್ಮಗ. ಅವನು ತನ್ನದೆಂದು ಬೇಲಿ ತೋರಿಸುತ್ತಾನೆ. ಕಾನೂನಿನಲ್ಲಿ ಅವನಿಗಿರುವುದು ಇಡೀ ಆಸ್ತಿಯ ಪ್ರತಿ ಗುಂಟೆಯಲ್ಲೂ ಒಂದು ಸಣ್ಣ ಅಂಶ. ಈ ಬೇಲಿಯೊಳಗಿನ ತೋಟ ಅವನದ್ದು ಎಂದು ಯಾವ ಕಾಗದವೂ ಹೇಳುವುದಿಲ್ಲ.

ಆ ಅಂಶವನ್ನು ಕೊಂಡವನಿಗೆ ಏನು ಸಿಗುತ್ತದೆ? ಪಾಲು ಮಾಡಿಕೊಡಿ ಎಂದು ದಾವೆ ಹಾಕುವ ಹಕ್ಕು. ಮನೆ ಸೇರಿದ್ದರೆ, ಅವಿಭಕ್ತ ಕುಟುಂಬದ ವಾಸದ ಮನೆಯೊಳಗೆ ಹೊರಗಿನವನು ಬಂದು ಜೊತೆಗೆ ಇರುವಂತಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮು ತಡೆಯುತ್ತದೆ. ಅವನು ದಾವೆ ಹಾಕಿದರೆ, ಅವನ ಅಂಶವನ್ನು ನಾವೇ ಕೊಳ್ಳುತ್ತೇವೆ ಎಂದು ಮನೆಯವರು ಕೇಳಬಹುದು. ಅದಕ್ಕೆ 1893ರ ವಿಭಜನಾ ಕಾಯ್ದೆ ಇದೆ. ಯಜಮಾನನೇ ಇಡೀ ಆಸ್ತಿ ಮಾರಿದ ಎಂದುಕೊಳ್ಳಿ. ಕುಟುಂಬದ ಅಗತ್ಯಕ್ಕೆ ಮಾರಲು ಅವನಿಗೆ ಅಧಿಕಾರ ಇದೆ ನಿಜ. ಆದರೆ ನಾಳೆ ಮಕ್ಕಳು ಪ್ರಶ್ನೆ ಮಾಡಿದರೆ, ಅಂಥ ಅಗತ್ಯ ಇತ್ತು ಎಂದು ಕೋರ್ಟಿನಲ್ಲಿ ತೋರಿಸಬೇಕಾದವನು ಕೊಂಡವನು. ಇನ್ನೊಬ್ಬರ ಮನೆಯಲ್ಲಿ ಯಾರಿಗೆ ಸಾಲ ಇತ್ತು, ಯಾರ ಮದುವೆ ಇತ್ತು ಎಂದು ನೀವು ಸಾಕ್ಷಿ ಹುಡುಕುತ್ತ ತಿರುಗಬೇಕು.

ಇಷ್ಟು ಕಷ್ಟ ಏಕೆ? ಪಾಲುಪಟ್ಟಿ ರಿಜಿಸ್ಟರ್ ಮಾಡಿಸಿದರೆ ಆಯಿತಲ್ಲ? ಕೃಷಿ ಜಮೀನಿನ ಪಾಲುಪಟ್ಟಿಗೆ ಮುದ್ರಾಂಕ ಶುಲ್ಕ ಜಮೀನಿನ ಬೆಲೆಯ ಶೇಕಡಾವಾರು ಅಲ್ಲ, ಪಾಲಿಗೆ ಇಷ್ಟು ಎಂಬ ಸಣ್ಣ ಮೊತ್ತ. ಅಳತೆ, ನಕ್ಷೆ, ವಕೀಲರ ಫೀ ಸೇರಿದರೂ ಒಂದು ಉಪನಯನದ ಅಡುಗೆ ಖರ್ಚಿನಷ್ಟಾಗದು. ಆದರೂ ಮಾಡಿಸುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಾಲುಪಟ್ಟಿ ಮಾಡಲು ಹೋದರೆ ಅಕ್ಕತಂಗಿಯರನ್ನು ಕರೆಯಬೇಕು.

ಕರ್ನಾಟಕ 1994ರಲ್ಲೇ ಮಗಳಿಗೆ ಮಗನ ಸಮಾನ ಪಾಲು ಎಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅಪ್ಪ ಆ ದಿನ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲಿನ ಮಾರಾಟ ಮತ್ತು ನೋಂದಾಯಿತ ಪಾಲು ಮಾತ್ರ ಹಾಗೇ ಉಳಿಯುತ್ತವೆ. ಬಾಯಿಮಾತಿನ ಪಾಲು ಎಂದು ಹೇಳಿಕೊಂಡು ತಪ್ಪಿಸಿಕೊಳ್ಳುವ ದಾರಿಯನ್ನು ಅದೇ ತೀರ್ಪು ಬಹುಮಟ್ಟಿಗೆ ಮುಚ್ಚಿತು. ಊರ ಹಿರಿಯರ ಮುಂದೆ ಆದ ಪಾಲು ಈಗ ಎಷ್ಟು ಭಾರ ತಡೆಯುತ್ತದೆ, ನೀವೇ ನೋಡಿ.

ಅಕ್ಕ ಏನೂ ಕೇಳಲಿಲ್ಲ ಎಂದು ತಮ್ಮ ಹೇಳುತ್ತಾನೆ. ಕೇಳಿದರೆ ತವರು ಮನೆ ಬಾಗಿಲು ಮುಚ್ಚುತ್ತದೆ ಎಂದು ಅವಳಿಗೆ ಗೊತ್ತು, ಅದಕ್ಕೇ ಕೇಳಲಿಲ್ಲ. ಚೌತಿಗೆ ಬಂದಾಗ ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟರೆ ಪಾಲು ತೀರಿತು ಎಂದುಕೊಂಡಿರುವ ಮನೆಗಳಲ್ಲಿ, ತೋಟ ಕೋಟಿಗೆ ಹೋಯಿತು ಎಂಬ ಸುದ್ದಿ ಕೇಳಿದ ಮೇಲೂ ಅವಳು ಸುಮ್ಮನಿರಬೇಕು ಎಂದು ಯಾವ ಬಾಯಲ್ಲಿ ಹೇಳುತ್ತೀರಿ? ಅವಳು ದಾವೆ ಹಾಕಿದರೆ ಊರೆಲ್ಲ ಅವಳನ್ನೇ ಬಯ್ಯುತ್ತದೆ. ಕೊಂಡವನೂ ಅವಳನ್ನೇ ಬಯ್ಯುತ್ತಾನೆ. ದುಡ್ಡು ತಿಂದವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಇನ್ನು ಆ ಬಾಂಡ್ ಪೇಪರ್. ನೋಟರಿಯ ಕೆಂಪು ಸೀಲು ಬಿದ್ದರೆ ರಿಜಿಸ್ಟರ್ ಆದ ಹಾಗೆ ಎಂದು ನಂಬಿದವರು ಇವತ್ತಿಗೂ ಇದ್ದಾರೆ. 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಸಬ್‌ರಿಜಿಸ್ಟ್ರಾರ್ ಮುಂದೆ ನೋಂದಣಿಯಾಗದೆ ಮಾರಾಟವಾಗುವುದಿಲ್ಲ. ಕರಾರು ಪತ್ರ, ಜಿಪಿಎ ಇವುಗಳಿಂದ ಒಡೆತನ ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಜಾಗ ನನ್ನ ಸ್ವಾಧೀನದಲ್ಲಿದೆಯಲ್ಲ ಎಂಬ ಧೈರ್ಯಕ್ಕೂ 2001ರಿಂದ ಬೆಲೆ ಇಲ್ಲ. ಕರಾರು ನೋಂದಣಿಯಾಗಿದ್ದರೆ ಮಾತ್ರ ಆ ರಕ್ಷಣೆ.

ಖರ್ಚು ಉಳಿಯಿತು ಎನ್ನುವವರಿಗೆ ಒಂದು ಲೆಕ್ಕ. ಕ್ರಯಪತ್ರಕ್ಕೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 2 ಆಗಿರುವ ನೋಂದಣಿ ಶುಲ್ಕ. 10 ಲಕ್ಷದ ಜಾಗಕ್ಕೆ ಮುಕ್ಕಾಲು ಲಕ್ಷಕ್ಕೂ ಸ್ವಲ್ಪ ಮೇಲೆ. ಹೆಚ್ಚೇ, ಒಪ್ಪುತ್ತೇನೆ. ಆದರೆ ಸ್ವಾಧೀನ ಕೊಟ್ಟ ಕರಾರಿಗೂ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕು. ಕಟ್ಟದೆ ಸಣ್ಣ ಬಾಂಡಿನಲ್ಲಿ ಬರೆಸಿಕೊಂಡದ್ದನ್ನು ಜಗಳ ಆದಾಗ ಕೋರ್ಟಿಗೆ ಕೊಟ್ಟರೆ, ಬಾಕಿ ಶುಲ್ಕದ ಮೇಲೆ ಹತ್ತು ಪಟ್ಟು ದಂಡ. ಶುಲ್ಕ 50 ಸಾವಿರ, ದಂಡ 5 ಲಕ್ಷ. ದಂಡ ಕಡಿಮೆ ಮಾಡಿಸಿಕೊಳ್ಳಲು ಜಿಲ್ಲಾ ನೋಂದಣಾಧಿಕಾರಿ ಮುಂದೆ ಹೋಗುವ ದಾರಿ ಇದೆ, ಅದಕ್ಕೂ ಓಡಾಟ, ಅದಕ್ಕೂ ವಕೀಲರು. ಕಟ್ಟದಿದ್ದರೆ ಆ ಕಾಗದವನ್ನು ಸಾಕ್ಷ್ಯವಾಗಿ ಓದುವುದೇ ಇಲ್ಲ. ಶಿರಸಿ ಕೋರ್ಟು, ಆಮೇಲೆ ಮೇಲ್ಮನವಿ, ಆಮೇಲೆ ಧಾರವಾಡದ ಹೈಕೋರ್ಟ್ ಪೀಠ. ಅಷ್ಟರಲ್ಲಿ ಹಾಕಿದ ಅಡಿಕೆ ಸಸಿ ಫಸಲಿಗೆ ಬಂದು, ಯಾರು ಕೊಯ್ಯಬೇಕು ಎಂಬುದಕ್ಕೆ ಇನ್ನೊಂದು ತಡೆಯಾಜ್ಞೆ.

ಹೊರದೇಶದಲ್ಲಿರುವ ನಮ್ಮ ಹುಡುಗರಿಗೂ ಒಂದು ಮಾತು. ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ವಿದೇಶಿ ವಿನಿಮಯ ನಿಯಮ ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. 2020ರ ರಾಜ್ಯದ ತಿದ್ದುಪಡಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಭಾವನ ಹೆಸರಲ್ಲಿ, ಗೆಳೆಯನ ಹೆಸರಲ್ಲಿ ತಗೊಳ್ಳುವ ರೂಢಿ ಬಂದಿದೆ. ಅದಕ್ಕೆ ಬೇನಾಮಿ ಕಾಯ್ದೆ ಕಾಯುತ್ತಿದೆ. 2016ರ ತಿದ್ದುಪಡಿಯ ಮೇಲೆ ಆಸ್ತಿ ಮುಟ್ಟುಗೋಲು ಮಾತ್ರವಲ್ಲ, ಜೈಲೂ ಇದೆ. ಅವರಿರುವ ಅಮೆರಿಕದಲ್ಲೇ ದಕ್ಷಿಣದ ರಾಜ್ಯಗಳ ಕಪ್ಪು ರೈತರ ಕತೆ ಕೇಳಿದರೆ ನಮ್ಮೂರಿನದ್ದೇ ಎನಿಸುತ್ತದೆ. ಉಯಿಲಿಲ್ಲದೆ ತಲೆಮಾರುಗಳಿಗೆ ಇಳಿದ ಜಮೀನಿನಲ್ಲಿ ದೂರದ ಒಬ್ಬ ವಾರಸುದಾರನ ಚೂರು ಪಾಲನ್ನು ಹೊರಗಿನವರು ಕೊಂಡು, ಕೋರ್ಟಿಗೆ ಹೋಗಿ, ಇಡೀ ಜಮೀನನ್ನೇ ಹರಾಜಿಗೆ ತರಿಸಿದರು. ಅದನ್ನು ತಡೆಯಲು ಮಾದರಿ ಕಾನೂನು ತಯಾರಾದದ್ದು 2010ರಲ್ಲಿ. ಅಷ್ಟರಲ್ಲಿ ಹೋದದ್ದು ಹೋಗಿತ್ತು.

ನಂಬಿಕೆ ಮೇಲೆ ನಡೆದ ಊರು ನಮ್ಮದು, ಎಲ್ಲದಕ್ಕೂ ಕಾಗದ ಕೇಳಿದರೆ ಹೇಗೆ ಎಂದು ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ. ನಂಬಿಕೆ ಇದ್ದದ್ದು ತೋಟ ಒಬ್ಬರಿಂದೊಬ್ಬರಿಗೆ ಊರೊಳಗೇ ಕೈ ಬದಲಾಗುವಾಗ, ಎಕರೆಗೆ ಈಗಿನ ಬೆಲೆ ಇಲ್ಲದಿದ್ದಾಗ. ಈಗ ನಂಬಿಕೆ ಎಂಬ ಮಾತನ್ನು ಹೆಚ್ಚು ಬಳಸುವವನು ದಲ್ಲಾಳಿ.

ಮುಂಗಡ ಕೊಡುವ ಮೊದಲು ಅಜ್ಜನಿಂದ ಹಿಡಿದು ವಂಶವೃಕ್ಷ ಕೇಳಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಇಲ್ಲದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ. ಇದ್ದರೆ, ಅವರ ಮನೆಗೇ ಹೋಗಿ ಮಾತಾಡಿಸಿ, ಫೋನಿನಲ್ಲಿ ಅಲ್ಲ. ನೋಂದಾಯಿತ ಪಾಲುಪಟ್ಟಿ ಆಗಲಿ, ಮಾರುವವನ ಹೆಸರಿಗೆ ಪ್ರತ್ಯೇಕ ಪಹಣಿ ಬರಲಿ, ಸರ್ವೆ ನಂಬರಿನ ಒಂದು ಭಾಗ ಮಾತ್ರ ಆದರೆ 11ಇ ನಕ್ಷೆ ಆಗಲಿ, ಆಮೇಲೆ ಕ್ರಯ. ಋಣಭಾರ ಪತ್ರ ಖಾಲಿ ಇದೆ ಎಂದು ಸಮಾಧಾನಪಡಬೇಡಿ, ನೋಂದಣಿಯಾಗದ ಕರಾರು ಅದರಲ್ಲಿ ಕಾಣುವುದಿಲ್ಲ. ಅದೇ ತೋಟಕ್ಕೆ ನಿಮಗಿಂತ ಮೊದಲು ಇನ್ನೊಬ್ಬರು ಮುಂಗಡ ಕೊಟ್ಟಿರಬಹುದು.

ಬಾಂಡ್ ಬರೆದುಕೊಡುವವರಿಗೆ, ಅದಕ್ಕೆ ಸೀಲು ಹಾಕುವವರಿಗೆ ಒಂದೇ ಪ್ರಶ್ನೆ ಇದೆ. ಪಹಣಿಯಲ್ಲಿ ಅಜ್ಜನ ಹೆಸರಿದೆ, ಎದುರಿಗೆ ಕೂತವನು ಮೊಮ್ಮಗ ಎಂದು ಬರೆಯುವಾಗ ನಿಮಗೆ ಕಂಡಿರುತ್ತದೆ. ಕೂಲಿ ದುಡ್ಡು ಹಿಡಿದು ಪಕ್ಕದಲ್ಲಿ ಕೂತ ಹೆಂಗಸಿಗೆ ಅದನ್ನು ಓದಿ ಹೇಳಿದಿರಾ?