ಯಂತ್ರ ಕೊಳ್ಳುವ ಮುನ್ನ ಇಕ್ಕಟ್ಟು ಹುಡುಕಿ

ಬೆಂಗಳೂರಿನ ಯಾವುದಾದರೊಂದು ಬಡಾವಣೆಯ ದರ್ಶಿನಿ ಹೋಟೆಲನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ಗಿರಾಕಿಗಳ ಸಾಲು ಬಾಗಿಲು ದಾಟಿ ಫುಟ್‌ಪಾತಿಗೆ ಬಂದಿದೆ. ಕಾದು ಬೇಸತ್ತವರು ಎದುರಿನ ಹೋಟೆಲಿನತ್ತ ಹೊರಡುವುದನ್ನು ಕಂಡ ಮಾಲೀಕರು ಸಾಲ ಮಾಡಿ ಇನ್ನೊಂದು ಇಡ್ಲಿ ಸ್ಟೀಮರ್ ತರಿಸುತ್ತಾರೆ. ಮರುದಿನವೂ ಸಾಲು ಅಷ್ಟೇ ಉದ್ದ! ಒಳಗೆ ಇಡ್ಲಿ ಆರುತ್ತಿದೆ, ಹೊರಗೆ ಜನ ಕಾಯುತ್ತಿದ್ದಾರೆ.

ತಪ್ಪಿದ್ದೆಲ್ಲಿ? ಅಡುಗೆಮನೆ ಗಂಟೆಗೆ 300 ಪ್ಲೇಟ್ ಇಡ್ಲಿ ಕೊಡಬಲ್ಲದು ಎಂದಿಟ್ಟುಕೊಳ್ಳಿ. ಬಡಿಸುವ ಕಟ್ಟೆಯಿಂದ ಗಂಟೆಗೆ 240 ಪ್ಲೇಟ್ ಸಾಗುತ್ತದೆ. ಆದರೆ ಹಣ ಪಡೆದು ಟೋಕನ್ ಕೊಡುವವರು ಒಬ್ಬರೇ. ಅವರು ಪ್ರತಿ ಗಿರಾಕಿಗೆ 20 ಸೆಕೆಂಡು ತೆಗೆದುಕೊಂಡರೆ ಗಂಟೆಗೆ 180 ಜನರನ್ನಷ್ಟೇ ಮುಂದೆ ಕಳಿಸಬಲ್ಲರು. ತಲೆಗೊಂದು ಪ್ಲೇಟಿನ ಲೆಕ್ಕದಲ್ಲಿ ಇಡೀ ಹೋಟೆಲಿನ ಸಾಮರ್ಥ್ಯ 300 ಅಲ್ಲ, 180. ಸಾಲಿನಲ್ಲಿ 30 ಜನರಿದ್ದರೆ ಕೊನೆಯವರು 10 ನಿಮಿಷ ಕಾಯಲೇಬೇಕು. ಸ್ಟೀಮರ್ ತರುವ ಬದಲು ಇನ್ನೊಂದು ಮೇಜು ಹಾಕಿ ಟೋಕನ್ ಕೊಡಲು ಮತ್ತೊಬ್ಬರನ್ನು ಕೂರಿಸಿದ್ದರೆ ಸಾಮರ್ಥ್ಯ 240ಕ್ಕೆ ಏರುತ್ತಿತ್ತು. ಇಬ್ಬರು ಸೇರಿ 360 ಟೋಕನ್ ಕೊಟ್ಟರೂ 240 ಮಾತ್ರ ಏಕೆಂದರೆ, ಅಷ್ಟು ಹೊತ್ತಿಗೆ ಇಕ್ಕಟ್ಟು ಬಡಿಸುವ ಕಟ್ಟೆಗೆ ಸರಿದಿರುತ್ತದೆ.

ಬಿ.ಬಿ.ಎ., ಎಂ.ಬಿ.ಎ. ಹಾಗೂ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ‘ಆಪರೇಷನ್ಸ್ ಮ್ಯಾನೇಜ್‌ಮೆಂಟ್’ ಎಂಬ ಹೆಸರಿನಲ್ಲಿ ಓದುವ ವಿಷಯದ ತಿರುಳು ಇದೇ. ಇದು ಕಾರ್ಖಾನೆಗೆ ಮಾತ್ರ ಸಂಬಂಧಿಸಿದ್ದು ಎಂದು ಅನೇಕ ಪೋಷಕರು ಭಾವಿಸುವುದುಂಟು. ಆದರೆ ಆಸ್ಪತ್ರೆ, ಬ್ಯಾಂಕು, ಬಸ್ ಡಿಪೋ, ಶಾಲೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಇಲ್ಲಿ ಮುಖ್ಯವಾಗಿ ಎರಡು ಪ್ರಶ್ನೆಗಳಿವೆ. ಕೆಲಸವನ್ನು ಯಾವ ರೀತಿಯಲ್ಲಿ ಮಾಡುವುದು? ಎಷ್ಟು ಕೆಲಸಕ್ಕೆ ಸಿದ್ಧರಾಗಿರುವುದು? ಮೊದಲನೆಯದು ಪ್ರಕ್ರಿಯೆಯ ಆಯ್ಕೆ, ಎರಡನೆಯದು ಸಾಮರ್ಥ್ಯದ ಯೋಜನೆ.

ದರ್ಜಿ, ದೋಸೆ, ಸಕ್ಕರೆ

ಊರಿನ ದರ್ಜಿಯ ಅಂಗಡಿಗೆ ಬರುವ ಪ್ರತಿ ಬಟ್ಟೆಯ ಅಳತೆಯೂ ಬೇರೆ, ಹೊಲಿಗೆಯೂ ಬೇರೆ. ಅಲ್ಲಿ ವೈವಿಧ್ಯ ಹೆಚ್ಚು, ಸಂಖ್ಯೆ ಕಡಿಮೆ. ಎಲ್ಲ ಕೆಲಸ ಬಲ್ಲ ಕುಶಲಿ ಬೇಕು. ಸಾಮಾನ್ಯ ಹೊಲಿಗೆ ಯಂತ್ರ ಸಾಕು. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಸಕ್ಕರೆ ಕಾರ್ಖಾನೆ. ಒಂದು ತುದಿಯಲ್ಲಿ ಕಬ್ಬು ಒಳಹೋದರೆ ಹಿಂಡುವುದು, ರಸ ಶುದ್ಧಿ ಮಾಡುವುದು, ಕಾಯಿಸಿ ಹರಳುಗಟ್ಟಿಸುವುದು ಇವೆಲ್ಲ ಹಗಲೂ ರಾತ್ರಿ ಒಂದೇ ಕ್ರಮದಲ್ಲಿ ನಡೆಯುತ್ತವೆ. ವೈವಿಧ್ಯ ಇಲ್ಲವೆನ್ನುವಷ್ಟು ಕಡಿಮೆ, ಪ್ರಮಾಣ ಅಪಾರ. ಬಂಡವಾಳ ಭಾರಿ, ಆದರೆ ಕಿಲೋ ಒಂದಕ್ಕೆ ತಗಲುವ ಖರ್ಚು ಕಡಿಮೆ.

ಇವೆರಡರ ನಡುವಿನ ದಾರಿಗೆ ದೋಸೆಯ ಹಂಚೇ ಸಾಕ್ಷಿ. ಹಿಟ್ಟು ಒಂದೇ, ರುಬ್ಬುವುದು ಒಟ್ಟಿಗೇ. ಗಿರಾಕಿ ಕೇಳಿದ ಮೇಲೆ ಅದೇ ಹಿಟ್ಟು ಸಾದಾ ಆಗುತ್ತದೆ, ಮಸಾಲೆ ಆಗುತ್ತದೆ, ಈರುಳ್ಳಿ ದೋಸೆಯೂ ಆಗುತ್ತದೆ. ಸಾಮಾನ್ಯ ಭಾಗಗಳನ್ನು ಮೊದಲೇ ಸಿದ್ಧಮಾಡಿಟ್ಟು, ವೈವಿಧ್ಯವನ್ನು ಕೊನೆಯ ಹಂತದಲ್ಲಿ ಸೇರಿಸುವ ಈ ಉಪಾಯವನ್ನೇ ಮೋಟಾರು ಕಂಪನಿಗಳೂ ಅನುಸರಿಸುತ್ತವೆ.

ಈ ಆಯ್ಕೆ ಎಷ್ಟು ದೊಡ್ಡದು ಎಂಬುದಕ್ಕೆ ಅಮೆರಿಕದ ಫೋರ್ಡ್ ಕಂಪನಿಯ ಇತಿಹಾಸ ಒಳ್ಳೆಯ ನಿದರ್ಶನ. 1913ರಲ್ಲಿ ಹೆನ್ರಿ ಫೋರ್ಡ್ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದರು. ಕಾರ್ಮಿಕರು ಕಾರಿನ ಬಳಿಗೆ ಹೋಗುವ ಬದಲು ಕಾರೇ ಕಾರ್ಮಿಕರ ಬಳಿಗೆ ಬರತೊಡಗಿತು. ಒಂದು ಚಾಸಿ ಜೋಡಿಸಲು ಹಿಡಿಯುತ್ತಿದ್ದ ಸುಮಾರು ಹನ್ನೆರಡೂವರೆ ಗಂಟೆ ಒಂದೂವರೆ ಗಂಟೆಗೆ ಇಳಿಯಿತು. 1908ರಲ್ಲಿ 850 ಡಾಲರ್ ಇದ್ದ ‘ಮಾಡೆಲ್ ಟಿ’ ಕಾರಿನ ಬೆಲೆ 1920ರ ದಶಕದ ಮಧ್ಯಭಾಗದಲ್ಲಿ 300 ಡಾಲರಿಗಿಂತ ಕೆಳಗೆ ಬಂತು. ಆದರೆ ಒಂದೇ ಮಾದರಿಗಾಗಿ ಕಟ್ಟಿದ ವ್ಯವಸ್ಥೆ ಹೊಸ ಮಾದರಿಗೆ ಬಗ್ಗಲಿಲ್ಲ. ಜನರ ಅಭಿರುಚಿ ಬದಲಾದಾಗ, ಒಂದೂವರೆ ಕೋಟಿ ಕಾರು ತಯಾರಿಸಿದ್ದ ಫೋರ್ಡ್ 1927ರಲ್ಲಿ ಉತ್ಪಾದನೆ ನಿಲ್ಲಿಸಿ, ಹೊಸ ‘ಮಾಡೆಲ್ ಎ’ಗಾಗಿ ಯಂತ್ರಗಳನ್ನು ಬದಲಿಸಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಅಗ್ಗವಾಗಿ ಮಾಡುವ ಶಕ್ತಿ ಮತ್ತು ಬದಲಾಗುವ ಶಕ್ತಿ ಎರಡೂ ಒಟ್ಟಿಗೆ ದಕ್ಕುವುದು ಕಷ್ಟ.

ಮೂರು ಬಗೆಯ ಸಾಮರ್ಥ್ಯ

ಸಾಮರ್ಥ್ಯವನ್ನು ಅಳೆಯುವಾಗ ಮೂರು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಸಕ್ಕರೆ ಕಾರ್ಖಾನೆಯನ್ನು ದಿನಕ್ಕೆ 2,500 ಟನ್ ಕಬ್ಬು ಅರೆಯಲು ನಿರ್ಮಿಸಲಾಗಿದೆ ಎನ್ನಿ. ಇದು ವಿನ್ಯಾಸದ ಸಾಮರ್ಥ್ಯ. ಯಂತ್ರ ತೊಳೆಯುವ, ದುರಸ್ತಿ ಮಾಡುವ ಹೊತ್ತನ್ನು ಕಳೆದರೆ 2,200 ಟನ್ ಸಾಧ್ಯ. ಇದು ಪರಿಣಾಮಕಾರಿ ಸಾಮರ್ಥ್ಯ. ನಿಜವಾಗಿ ಅರೆದದ್ದು 1,980 ಟನ್. ಆಗ ವಿನ್ಯಾಸಕ್ಕೆ ಹೋಲಿಸಿದ ಬಳಕೆ ಶೇ. 79.2, ಪರಿಣಾಮಕಾರಿ ಸಾಮರ್ಥ್ಯಕ್ಕೆ ಹೋಲಿಸಿದ ದಕ್ಷತೆ ಶೇ. 90. ತೊಳೆಯಲು, ದುರಸ್ತಿಗೆ ಹೋದ 300 ಟನ್‌ಗೆ ಯಾರನ್ನೂ ದೂರುವಂತಿಲ್ಲ. ಉಳಿದ 220 ಟನ್‌ಗೆ ಮಾತ್ರ ಆಡಳಿತ ಉತ್ತರ ಹೇಳಬೇಕು.

ಇದು ಬರಿಯ ಅಂಕಿಸಂಖ್ಯೆಯಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ಕಾದಷ್ಟೂ ತೂಕ ಮತ್ತು ಸಕ್ಕರೆ ಅಂಶ ಎರಡನ್ನೂ ಕಳೆದುಕೊಳ್ಳುತ್ತದೆ. ಕಾರ್ಖಾನೆ ಅರೆಯಬಲ್ಲದ್ದಕ್ಕಿಂತ ಹೆಚ್ಚು ಕಬ್ಬು ಒಂದೇ ದಿನ ಬಂದರೆ ಗೇಟಿನ ಮುಂದೆ ಟ್ರ್ಯಾಕ್ಟರ್, ಲಾರಿ ಸಾಲುಗಟ್ಟುತ್ತವೆ. ಪೆಟ್ಟು ಬೀಳುವುದು ರೈತನಿಗೆ. ಕಟಾವಿನ ಸರದಿಯನ್ನು ಸರಿಯಾಗಿ ಹಂಚುವುದು ಕೂಡ ಸಾಮರ್ಥ್ಯದ ಯೋಜನೆಯೇ.

ಎರಡು ಮೇಜಿನ ಮಹಿಮೆ

ಇಕ್ಕಟ್ಟು ಹುಡುಕುವ ವಿದ್ಯೆ ಲಕ್ಷಾಂತರ ಜನರಿಗೆ ದೃಷ್ಟಿ ತಂದುಕೊಟ್ಟ ಕಥೆ ಮಧುರೈಯದು. ಡಾ. ಗೋವಿಂದಪ್ಪ ವೆಂಕಟಸ್ವಾಮಿ ಅವರು ಸರ್ಕಾರಿ ಸೇವೆಯಿಂದ ನಿವೃತ್ತರಾಗಿ 1976ರಲ್ಲಿ, 58ನೇ ವಯಸ್ಸಿನಲ್ಲಿ, ಕೇವಲ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಆರಂಭಿಸಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಅದೇ ಬೆರಳುಗಳಿಂದ ಶಸ್ತ್ರ ಹಿಡಿಯುವುದನ್ನು ಅವರು ಅಭ್ಯಾಸ ಮಾಡಿಕೊಂಡಿದ್ದರು.

ಕಣ್ಣಿನ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಹಿಡಿಯುವ ಸಮಯ ಕಡಿಮೆ. ಆದರೆ ರೋಗಿಯನ್ನು ಕರೆತರುವುದು, ಮಲಗಿಸಿ ಶುಚಿಗೊಳಿಸುವುದು, ಆಮೇಲೆ ಪಟ್ಟಿ ಕಟ್ಟಿ ಕಳಿಸುವುದು ಇವುಗಳಿಗೆ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತೂ ವೈದ್ಯರು ಕೈಕಟ್ಟಿ ನಿಂತರೆ, ದೇಶದಲ್ಲಿ ಅತ್ಯಂತ ವಿರಳವಾದ ಸಂಪನ್ಮೂಲವೇ ವ್ಯರ್ಥವಾಗುತ್ತದೆ. ಅರವಿಂದದಲ್ಲಿ ಕಂಡುಕೊಂಡ ಪರಿಹಾರ ಸರಳವಾದದ್ದು: ಒಬ್ಬ ವೈದ್ಯರಿಗೆ ಅಕ್ಕಪಕ್ಕದಲ್ಲಿ ಎರಡು ಮೇಜು. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುವಾಗ ಇನ್ನೊಂದರ ಮೇಲೆ ಮುಂದಿನ ರೋಗಿ ಸಿದ್ಧ. ಮೊದಲನೆಯದು ಮುಗಿದೊಡನೆ ಸೂಕ್ಷ್ಮದರ್ಶಕ ಆ ಕಡೆಗೆ ತಿರುಗುತ್ತದೆ. ವೈದ್ಯರೇ ಮಾಡಬೇಕಿಲ್ಲದ ಕೆಲಸಗಳಿಗೆಲ್ಲ ಹಳ್ಳಿಗಳ ಯುವತಿಯರನ್ನು ಆರಿಸಿ ತರಬೇತಿ ಕೊಡಲಾಯಿತು. ಇಲ್ಲಿ ಯಾರೂ ಅವಸರ ಮಾಡುವುದಿಲ್ಲ. ಕಾಯುವ ಹೊತ್ತನ್ನು ತೆಗೆದುಹಾಕಲಾಗಿದೆ, ಅಷ್ಟೆ. ಪರಿಣಾಮವಾಗಿ ಅಲ್ಲಿನ ಒಬ್ಬ ವೈದ್ಯರು ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಬಲ್ಲರು. ಹಣ ಕೊಡುವವರ ಆದಾಯದಿಂದ ಬಡವರಿಗೆ ಉಚಿತವಾಗಿ ಅಥವಾ ಕಡಿಮೆ ದರದಲ್ಲಿ ಚಿಕಿತ್ಸೆ ನೀಡಲು ಸಾಧ್ಯವಾಯಿತು.

ಒಂದು ಇಕ್ಕಟ್ಟು ಬಿಡಿಸಿದರೆ ಮತ್ತೊಂದು ಎದುರಾಗುವುದು ಸಹಜ. ಕಣ್ಣಿನೊಳಗೆ ಕೂರಿಸುವ ಮಸೂರ ವಿದೇಶದಿಂದ ಬರಬೇಕಿತ್ತು, ದುಬಾರಿಯೂ ಆಗಿತ್ತು. ಅದಕ್ಕಾಗಿ 1992ರಲ್ಲಿ ‘ಆರೋಲ್ಯಾಬ್’ ಸ್ಥಾಪಿಸಿ ಇಲ್ಲಿಯೇ ಅಗ್ಗವಾಗಿ ತಯಾರಿಸತೊಡಗಿದರು. ಚಿಕಿತ್ಸೆ ಉಚಿತವಾದರೂ ಹಳ್ಳಿಯ ವೃದ್ಧರಿಗೆ ಆಸ್ಪತ್ರೆಗೆ ಬರುವುದೇ ಕಷ್ಟವಾಗಿತ್ತು. ಅದಕ್ಕೆ ಊರೂರಿನಲ್ಲಿ ತಪಾಸಣಾ ಶಿಬಿರ ನಡೆಸಿ, ವಾಹನದಲ್ಲಿ ಕರೆತಂದು ಊಟ ಹಾಕಿ ಕಳಿಸುವ ವ್ಯವಸ್ಥೆ ಮಾಡಿದರು.

ಎಷ್ಟು, ಯಾವಾಗ?

ಬೇಡಿಕೆ ಬರುವ ಮುನ್ನವೇ ಸಾಮರ್ಥ್ಯ ಹೆಚ್ಚಿಸಿದರೆ ಗಿರಾಕಿ ಕೈತಪ್ಪುವುದಿಲ್ಲ, ಆದರೆ ಬಂಡವಾಳ ಮಲಗಬಹುದು. ಬಂದ ಮೇಲೆ ಹೆಚ್ಚಿಸಿದರೆ ನಷ್ಟದ ಭಯವಿಲ್ಲ, ಆದರೆ ಗಿರಾಕಿ ಕಾಯಬೇಕು. ತೀರ್ಮಾನಕ್ಕೆ ಒಂದು ಸರಳ ಲೆಕ್ಕ ನೆರವಾಗುತ್ತದೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವರು ಇನ್ನೊಂದು ಯಂತ್ರ ತಂದರೆ ಕಂತು, ಬಾಡಿಗೆ ಸೇರಿ ತಿಂಗಳಿಗೆ 12,000 ರೂಪಾಯಿ ಖರ್ಚು ಎನ್ನಿ. ಪ್ರತಿಗೆ 2 ರೂಪಾಯಿ ದರ. ಕಾಗದ, ಶಾಯಿ, ವಿದ್ಯುತ್ ಸೇರಿ 1 ರೂಪಾಯಿ 20 ಪೈಸೆ ವೆಚ್ಚ. ಉಳಿಯುವುದು 80 ಪೈಸೆ. 12,000 ರೂಪಾಯಿ ಹುಟ್ಟಲು ತಿಂಗಳಿಗೆ 15,000 ಪ್ರತಿ, ಅಂದರೆ 25 ದಿನಗಳ ಲೆಕ್ಕದಲ್ಲಿ ದಿನಕ್ಕೆ 600 ಪ್ರತಿ ಹೆಚ್ಚುವರಿಯಾಗಿ ಬೇಕು. ನೂಕುನುಗ್ಗಲು ಪರೀಕ್ಷೆಯ ಎರಡು ವಾರಕ್ಕಷ್ಟೇ ಸೀಮಿತವಾಗಿದ್ದರೆ ಯಂತ್ರಕ್ಕಿಂತ ರಾತ್ರಿ ಎರಡು ಗಂಟೆ ಹೆಚ್ಚು ಅಂಗಡಿ ತೆರೆಯುವುದೇ ಲಾಭ.

ಮನೆಯಲ್ಲಿಯೂ ಅದೇ ನಿಯಮ

ಅಂಕ ಕಡಿಮೆ ಬಂದ ಕೂಡಲೇ ಇನ್ನೊಂದು ಟ್ಯೂಷನ್‌ಗೆ ಸೇರಿಸುವ ಪೋಷಕರು ಈ ಲೆಕ್ಕವನ್ನೊಮ್ಮೆ ನೆನೆಯಬೇಕು. ಕಲಿಕೆಗೆ ಹಲವು ಹಂತಗಳಿವೆ: ಪಾಠ ಕೇಳುವುದು, ಅರ್ಥ ಮಾಡಿಕೊಳ್ಳುವುದು, ಸ್ವತಃ ಬಿಡಿಸಿ ನೋಡುವುದು, ತಪ್ಪು ತಿದ್ದಿಕೊಳ್ಳುವುದು. ಶಾಲೆಯಲ್ಲಿ ಆರು ಗಂಟೆ, ಟ್ಯೂಷನ್‌ನಲ್ಲಿ ಎರಡು ಗಂಟೆ ಕೇಳುವ ಹುಡುಗಿಗೆ ಲೆಕ್ಕ ಬಿಡಿಸಲು ಅರ್ಧ ಗಂಟೆಯೂ ಸಿಗದಿದ್ದರೆ, ಮತ್ತೊಂದು ಟ್ಯೂಷನ್ ಎರಡನೇ ಸ್ಟೀಮರ್ ಇದ್ದಂತೆ. ಅದು ಇಕ್ಕಟ್ಟಾದ ಆ ಅರ್ಧ ಗಂಟೆಯನ್ನೂ ನುಂಗಿಬಿಡುತ್ತದೆ. ದಿನಚರಿಯನ್ನು ಪೂರ್ತಿ ತುಂಬುವುದೂ ಜಾಣತನವಲ್ಲ. ಶೇ. 100ರಷ್ಟು ಬಳಕೆಯ ಹತ್ತಿರ ಬಂದ ಯಾವ ವ್ಯವಸ್ಥೆಯಲ್ಲಾದರೂ ಬಾಕಿ ಕೆಲಸ ಏಕಾಏಕಿ ಬೆಳೆಯುತ್ತದೆ. ಒಂದು ದಿನದ ಜ್ವರ ವಾರದ ಓದನ್ನು ಕೆಡಿಸುತ್ತದೆ. ನಿದ್ರೆ, ಆಟದ ಹೊತ್ತು ಖಾಲಿ ಬಿದ್ದ ಸಾಮರ್ಥ್ಯವಲ್ಲ.

ಈ ವಿಷಯವನ್ನು ಓದಬಯಸುವ ವಿದ್ಯಾರ್ಥಿಗಳು ಕಾಲೇಜು ಸೇರುವವರೆಗೆ ಕಾಯಬೇಕಿಲ್ಲ. ಒಂದು ಗಡಿಯಾರ, ಒಂದು ನೋಟ್‌ಬುಕ್ ಹಿಡಿದು ಕಾಲೇಜಿನ ಕ್ಯಾಂಟೀನಿನಲ್ಲೋ ಗ್ರಂಥಾಲಯದಲ್ಲೋ ಒಂದು ಗಂಟೆ ಕುಳಿತರೆ ಸಾಕು. ಕೆಲಸ ಎಷ್ಟು ಹಂತಗಳಲ್ಲಿ ಸಾಗುತ್ತದೆ, ಪ್ರತಿ ಹಂತಕ್ಕೆ ಎಷ್ಟು ಸೆಕೆಂಡು, ಜನ ಎಲ್ಲಿ ಕಾಯುತ್ತಾರೆ, ಯಾರು ಸುಮ್ಮನೆ ನಿಂತಿರುತ್ತಾರೆ ಎಂಬುದನ್ನು ಬರೆದುಕೊಳ್ಳಲಿ. ಇಕ್ಕಟ್ಟಿನ ಹಂತ ಕಂಡ ಮೇಲೆ, ಹಣ ಖರ್ಚು ಮಾಡದೆ ಅದನ್ನು ಸಡಿಲಿಸುವ ಒಂದು ಉಪಾಯವನ್ನು ಯೋಚಿಸಿ, ಅಲ್ಲಿ ಕೆಲಸ ಮಾಡುವವರನ್ನೇ ಕೇಳಲಿ. ಅದು ಏಕೆ ನಡೆಯುತ್ತದೆ, ಏಕೆ ನಡೆಯುವುದಿಲ್ಲ ಎಂಬುದು ಅವರಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಗೊತ್ತಿರುತ್ತದೆ.