ಮೊದಲ ಬಾಡಿಗೆ ಮನೆ: ಗಲ್ಲಾಪೆಟ್ಟಿಗೆಯ ಹಣದಿಂದಲ್ಲ, ನಿಜವಾದ ಉಳಿತಾಯದಿಂದ

ವರ್ಷದ ಲೆಕ್ಕಪತ್ರಗಳಿಗೆ ಸಹಿ ಬೀಳುವ ಹೊತ್ತಿಗೆ ನಮ್ಮ ವ್ಯಾಪಾರಸ್ಥರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: "ಸರ್, ಈ ವರ್ಷ ನಾಲ್ಕು ದುಡ್ಡು ಉಳಿದಿದೆ. ಒಂದು ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಹೇಗೆ?" ಪ್ರಶ್ನೆ ಸಹಜವಾದದ್ದೇ. ಸರ್ಕಾರಿ ನೌಕರನಿಗೆ ನಿವೃತ್ತಿ ವೇತನವಿರುತ್ತದೆ. ಅಂಗಡಿಕಾರನಿಗೂ ಸಣ್ಣ ಕಾರ್ಖಾನೆಯ ಮಾಲೀಕನಿಗೂ ಅಂತಹ ಆಸರೆಯಿಲ್ಲ. ಕೈಕಾಲು ಸೋತ ಕಾಲಕ್ಕೆ ತಿಂಗಳು ತಿಂಗಳು ಬರುವ ಬಾಡಿಗೆಯೇ ಆತನ ಪಿಂಚಣಿ. ಆದ್ದರಿಂದ ಬಾಡಿಗೆ ಮನೆ ಕೊಳ್ಳುವುದನ್ನು ನಾನು ವಿರೋಧಿಸುವುದಿಲ್ಲ. ನನ್ನ ಆಕ್ಷೇಪಣೆ ಇರುವುದು ಅದನ್ನು ಕೊಳ್ಳುವ ಹಣದ ಮೂಲದ ಬಗ್ಗೆ ಮತ್ತು "ಬಾಡಿಗೆ ಎಂದರೆ ಕುಳಿತು ಉಣ್ಣುವ ಆದಾಯ" ಎಂಬ ನಂಬಿಕೆಯ ಬಗ್ಗೆ.

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದು ರಾತ್ರಿ ಒಂಬತ್ತಕ್ಕೆ ಬೀಗ ಹಾಕುವವನ ಬಳಿ ಇಲ್ಲದ ವಸ್ತುವೆಂದರೆ ಸಮಯ. ಬಾಡಿಗೆ ಮನೆ ಬೇಡುವುದೂ ಅದನ್ನೇ. ಹೀಗಾಗಿ ಅದನ್ನು ಎರಡನೆಯ ವ್ಯಾಪಾರವೆಂದೇ ಪರಿಗಣಿಸಿ, ಮೊದಲು ಕಾಗದದ ಮೇಲೆ ಲೆಕ್ಕ ಹಾಕುವುದು ಒಳಿತು.

ಒಂದು ಉದಾಹರಣೆಯ ಲೆಕ್ಕ

ಜಿಲ್ಲಾ ಕೇಂದ್ರವೊಂದರಲ್ಲಿ 50 ಲಕ್ಷ ರೂ. ಬೆಲೆಯ ಸಿದ್ಧ ಮನೆಯೊಂದನ್ನು ಕೊಳ್ಳುವಿರೆಂದು ಭಾವಿಸೋಣ. ಕರ್ನಾಟಕದಲ್ಲಿ ಈ ಮೌಲ್ಯಕ್ಕೆ ಮುದ್ರಾಂಕ ಶುಲ್ಕ ಶೇ. 5, ನಗರ ಪ್ರದೇಶದಲ್ಲಿ ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕವು 31 ಆಗಸ್ಟ್ 2025ರಿಂದ ಶೇ. 1ರ ಬದಲಿಗೆ ಶೇ. 2 ಆಗಿದೆ. ಒಟ್ಟು ಶೇ. 7.6ರಂತೆ 3.80 ಲಕ್ಷ ರೂ. ಸೇರಿದರೆ ಮನೆಯ ನಿಜವಾದ ವೆಚ್ಚ 53.80 ಲಕ್ಷ ರೂ.

ತಿಂಗಳಿಗೆ 14,000 ರೂ. ಬಾಡಿಗೆಯೆಂದರೆ ವರ್ಷಕ್ಕೆ 1.68 ಲಕ್ಷ ರೂ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಉಳಿಯುತ್ತದೆಂದು ಹಿಡಿದರೆ ಕೈಗೆ ಬರುವುದು 1.54 ಲಕ್ಷ ರೂ. ಆಸ್ತಿ ತೆರಿಗೆ, ಸುಣ್ಣಬಣ್ಣ, ನಲ್ಲಿ ರಿಪೇರಿ ಮತ್ತು ವಿಮೆಗೆ 24,000 ರೂ. ಕಳೆದರೆ ಉಳಿಯುವುದು 1.30 ಲಕ್ಷ ರೂ. ಹೂಡಿದ ಹಣದ ಮೇಲೆ ಇದು ಶೇ. 2.4 ಮಾತ್ರ.

ಇದರಲ್ಲಿ 35 ಲಕ್ಷ ರೂ.ಗಳನ್ನು ಶೇ. 8.5ರ ಬಡ್ಡಿಯಲ್ಲಿ 20 ವರ್ಷಗಳಿಗೆ ಸಾಲ ಪಡೆದರೆ ಮಾಸಿಕ ಕಂತು ಸುಮಾರು 30,400 ರೂ. ಬಾಡಿಗೆಯಿಂದ ತಿಂಗಳಿಗೆ ನಿವ್ವಳವಾಗಿ ಒದಗುವುದು 10,800 ರೂ. ಉಳಿದ 19,600 ರೂ.ಗಳನ್ನು ಪ್ರತಿ ತಿಂಗಳೂ ಅಂಗಡಿಯೇ ತುಂಬಬೇಕು. ವ್ಯಾಪಾರ ಮಂದವಾದ ಆಷಾಢದಲ್ಲಿಯೂ ತುಂಬಬೇಕು. ಮನೆಯ ಬೆಲೆ ಮುಂದೆ ಏರಬಹುದು, ನಿಜ. ಆದರೆ ಏರಿದ ಬೆಲೆಯಿಂದ ಈ ತಿಂಗಳ ಕಂತು ಕಟ್ಟಲಾಗದು.

ದುಡಿಯುವ ಬಂಡವಾಳವನ್ನು ಮುಟ್ಟಬೇಡಿ

ಮೇಲಿನ ಉದಾಹರಣೆಯಲ್ಲಿ ಕೈಯಿಂದ ಹಾಕಬೇಕಾದ ಮೊತ್ತ 18.80 ಲಕ್ಷ ರೂ. ಅನೇಕರು ಇದನ್ನು ಕ್ಯಾಶ್ ಕ್ರೆಡಿಟ್ ಖಾತೆಯಿಂದ ಎತ್ತುತ್ತಾರೆ. ಶೇ. 10ರ ಬಡ್ಡಿಯೆಂದರೆ ವರ್ಷಕ್ಕೆ 1.88 ಲಕ್ಷ ರೂ.; ಅಂದರೆ ಇಡೀ ವರ್ಷದ ಬಾಡಿಗೆಗಿಂತ ಅಧಿಕ. ಸರಕಿಗಾಗಿ ಮಂಜೂರಾದ ಹಣವನ್ನು ಸ್ವಂತ ಆಸ್ತಿಗೆ ತಿರುಗಿಸುವುದು ಬ್ಯಾಂಕಿನ ಷರತ್ತಿಗೆ ವಿರುದ್ಧ. ಆ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೋರಿಸಲೂ ಬಾರದು.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಉದ್ಯಮ್ ನೋಂದಣಿ ಹೊಂದಿದ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಂದ ಸರಕು ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಸಬೇಕು. ತಡವಾಗಿ ವರ್ಷಾಂತ್ಯಕ್ಕೆ ಬಾಕಿ ಉಳಿದರೆ ಆ ಖರೀದಿಯ ವೆಚ್ಚ ಆ ವರ್ಷ ಒಪ್ಪಿಗೆಯಾಗುವುದಿಲ್ಲ. ಅಷ್ಟು ಮೊತ್ತ ಲಾಭವೆಂದೇ ತೆರಿಗೆಗೆ ಒಳಪಡುತ್ತದೆ. 2024-25ರ ಕರನಿರ್ಧಾರಣಾ ವರ್ಷದಿಂದ ಬಂದ ಈ ನಿಯಮದ ನಂತರ, ಇಟ್ಟಿಗೆ ಸಿಮೆಂಟಿನಲ್ಲಿ ಸಿಕ್ಕಿಬಿದ್ದ ಹಣಕ್ಕೆ ವ್ಯಾಪಾರಿಯು ಎರಡು ಸಲ ಬೆಲೆ ತೆರಬೇಕಾಗುತ್ತದೆ. ಮನೆಯನ್ನು ಅಗತ್ಯ ಬಿದ್ದ ವಾರದಲ್ಲಿ ಮಾರಲಾಗದು. ಒಂದು ಕೋಣೆಯನ್ನಷ್ಟೇ ಮಾರಲೂ ಆಗದು.

ತೆರಿಗೆಯ ಕುರಿತ ತಪ್ಪು ಕಲ್ಪನೆಗಳು

"ಮನೆ ಸಾಲದ ಬಡ್ಡಿಯಿಂದ ತೆರಿಗೆ ಉಳಿಯುತ್ತದೆ" ಎಂಬ ಮಾತು ಹಳೆಯ ಪದ್ಧತಿಯ ಕಾಲದ್ದು. ಬಾಡಿಗೆಯಿಂದ ಪಾವತಿಸಿದ ಆಸ್ತಿ ತೆರಿಗೆಯನ್ನೂ, ಉಳಿದುದರಲ್ಲಿ ಶೇ. 30ರಷ್ಟನ್ನೂ, ಸಾಲದ ಬಡ್ಡಿಯನ್ನೂ ಕಳೆಯಬಹುದು. ನಷ್ಟ ಬಂದರೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ರೂ.ವರೆಗೆ ವ್ಯಾಪಾರದ ಆದಾಯದೊಡನೆ ಹೊಂದಿಸಬಹುದು. 2023-24ರ ಹಣಕಾಸು ವರ್ಷದಿಂದ ಮೂಲ ಆಯ್ಕೆಯಾಗಿರುವ ಹೊಸ ಪದ್ಧತಿಯಲ್ಲಿ ಈ ಹೊಂದಾಣಿಕೆಗೆ ಅವಕಾಶವಿಲ್ಲ. ವ್ಯಾಪಾರದ ಆದಾಯವುಳ್ಳವರು ವರ್ಷಕ್ಕೊಮ್ಮೆ ಪದ್ಧತಿ ಬದಲಿಸುವಂತೆಯೂ ಇಲ್ಲ. ಹೊಸ ಪದ್ಧತಿಯಿಂದ ಹೊರಬಂದು ಒಮ್ಮೆ ಮರಳಿದರೆ ಮತ್ತೆ ಹೊರಹೋಗುವ ದಾರಿ ಮುಚ್ಚಿದಂತೆಯೇ. ಒಂದು ಮನೆಗಾಗಿ ಈ ನಿರ್ಧಾರವನ್ನು ಅವಸರದಿಂದ ಕೈಗೊಳ್ಳಬಾರದು.

ಪತ್ನಿಯ ಹೆಸರಿನಲ್ಲಿ ಕೊಂಡರೆ ಬಾಡಿಗೆ ಆಕೆಯ ಆದಾಯವೆಂದು ತಿಳಿಯುವವರೂ ಇದ್ದಾರೆ. ಪತಿ ಕೊಟ್ಟ ಹಣದಿಂದ ಕೊಂಡ ಮನೆಯ ಬಾಡಿಗೆ ಪತಿಯ ಆದಾಯಕ್ಕೇ ಸೇರುತ್ತದೆ.

ಮುಂಗಡವನ್ನು ನಗದಾಗಿ ಕೊಡುವ ರೂಢಿಯನ್ನಂತೂ ಕೈಬಿಡಲೇಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡವಿದೆ. ಬೆಲೆಯಾಗಲಿ ಮುದ್ರಾಂಕ ಮೌಲ್ಯವಾಗಲಿ 50 ಲಕ್ಷ ರೂ. ಮುಟ್ಟಿದರೆ, ಕೊಳ್ಳುವವರು ಶೇ. 1ರಷ್ಟನ್ನು ಮೂಲದಲ್ಲಿಯೇ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು.

ಮನೆಯೋ, ಮಳಿಗೆಯೋ?

ಮಳಿಗೆಗೆ ಬಾಡಿಗೆ ಹೆಚ್ಚು ಬರುತ್ತದೆಂಬುದು ಸಾಮಾನ್ಯವಾಗಿ ಸರಿ. ಆದರೆ ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಜಿ.ಎಸ್.ಟಿ. ನೋಂದಾಯಿತರು. ಅಂಥವರು ಮಳಿಗೆಯನ್ನು ತಿಂಗಳಿಗೆ 8,000 ರೂ.ಗೆ ಕೊಟ್ಟರೂ, ಬಾಡಿಗೆಯ ಮೊತ್ತ ಚಿಕ್ಕದೆಂಬ ಕಾರಣಕ್ಕೆ ವಿನಾಯಿತಿ ದೊರೆಯದು, ಶೇ. 18ರ ತೆರಿಗೆ ವಿಧಿಸಬೇಕು. ವಾಸದ ಮನೆಯನ್ನು ನೋಂದಣಿಯಿಲ್ಲದ ಕುಟುಂಬಕ್ಕೆ ವಾಸಕ್ಕಾಗಿ ಕೊಟ್ಟರೆ ಜಿ.ಎಸ್.ಟಿ. ಇಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಇನ್ನಷ್ಟು ಎಚ್ಚರ ವಹಿಸಬೇಕು. ಅವರು ನೀಡಬಹುದಾದ ಸೇವೆಗಳ ಮಿತಿ ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂ., ಇವುಗಳಲ್ಲಿ ಹೆಚ್ಚಿನದು. ಮಳಿಗೆಯ ಬಾಡಿಗೆಯಿಂದ ಈ ಮಿತಿ ದಾಟಿದರೆ ಮೂಲ ವ್ಯಾಪಾರವೇ ಆ ಪದ್ಧತಿಯಿಂದ ಹೊರಬೀಳುತ್ತದೆ. ಆದ್ದರಿಂದ ಮೊದಲ ಖರೀದಿಗೆ ವಾಸದ ಮನೆಯೇ ಸೂಕ್ತವೆಂಬುದು ನನ್ನ ಅಭಿಪ್ರಾಯ.

ಸಮಯವಿಲ್ಲದವರು ಪಾಲಿಸಬೇಕಾದ ಕ್ರಮ

1. ಅಂಗಡಿಯಿಂದ ಅಥವಾ ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವಲ್ಲಿ ಕೊಳ್ಳಿರಿ. ದೂರದ ಬೆಂಗಳೂರಿನ ಫ್ಲಾಟಿಗಿಂತ ಪಕ್ಕದ ಬಡಾವಣೆಯ ಎರಡು ಕೋಣೆಯ ಮನೆ ನಿಮ್ಮ ಕೈಯಳತೆಯಲ್ಲಿರುತ್ತದೆ.

2. ಕಟ್ಟುತ್ತಿರುವುದನ್ನು ಬಿಟ್ಟು ಕಟ್ಟಿ ಮುಗಿದುದನ್ನು ಕೊಳ್ಳಿರಿ. ಪೂರ್ಣತಾ ಪ್ರಮಾಣಪತ್ರ ದೊರೆತ ನಂತರದ ಮಾರಾಟಕ್ಕೆ ಜಿ.ಎಸ್.ಟಿ. ಇಲ್ಲ, ಬಾಡಿಗೆಯೂ ಬೇಗನೆ ಆರಂಭವಾಗುತ್ತದೆ.

3. ಮೂಲಪತ್ರಗಳು, ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದನೆ ಮತ್ತು 30 ವರ್ಷಗಳ ಋಣಭಾರ ಪತ್ರವನ್ನು ನಿಮ್ಮದೇ ವಕೀಲರಿಂದ ಪರಿಶೀಲಿಸಿರಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು. ಅಕ್ಟೋಬರ್ 2024ರಿಂದ ನಗರ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದ್ದು, ಅದು ಕೈಸೇರುವ ಮೊದಲು ದೊಡ್ಡ ಮುಂಗಡ ಕೊಡಬೇಡಿರಿ.

4. ಬಾಡಿಗೆ ಕರಾರು ಬರವಣಿಗೆಯಲ್ಲಿರಲಿ. 11 ತಿಂಗಳ ರೂಢಿಗೆ ಕಾರಣವಿದೆ: ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಬಾಡಿಗೆ ಏರಿಕೆ, ತೆರವಿನ ನೋಟೀಸು, ನೀರು ಮತ್ತು ವಿದ್ಯುತ್ ಬಿಲ್ಲುಗಳ ಹೊಣೆ, ಇವೆಲ್ಲ ಅದರಲ್ಲಿ ನಮೂದಾಗಿರಲಿ.

5. ಬಾಡಿಗೆದಾರರ ಮುಂಗಡ ನಿಮ್ಮ ಹಣವಲ್ಲ. ಅದನ್ನು ನಿಶ್ಚಿತ ಠೇವಣಿಯಲ್ಲಿಡಿರಿ. ಮನೆಯನ್ನು ಭೋಗ್ಯಕ್ಕೆ ಕೊಟ್ಟು ಬಂದ ಲಕ್ಷಗಳನ್ನು ಸರಕಿಗೆ ಹಾಕಿ, ಅವಧಿ ಮುಗಿದಾಗ ಹಿಂದಿರುಗಿಸಲು ಪರದಾಡುವವರನ್ನು ಪ್ರತಿ ವರ್ಷ ಕಾಣುತ್ತೇನೆ.

6. ಮನೆಯ ವ್ಯವಹಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯಿರಲಿ. ಬಾಡಿಗೆ ವಸೂಲಿ ಮತ್ತು ರಿಪೇರಿಯ ಹೊಣೆಯನ್ನು ಮನೆಯವರಲ್ಲಿ ಒಬ್ಬರಿಗೆ ವಹಿಸಿರಿ. ಅನೇಕ ಕುಟುಂಬಗಳಲ್ಲಿ ಈ ಕೆಲಸವನ್ನು ಗೃಹಿಣಿಯರು ಅಂಗಡಿಯ ಗುಮಾಸ್ತರಿಗಿಂತ ಅಚ್ಚುಕಟ್ಟಾಗಿ ನಿರ್ವಹಿಸುತ್ತಾರೆ.

ಅಡಮಾನವಿಲ್ಲದ ಮನೆ

ಕೊನೆಯದಾಗಿ ಒಂದು ಮುಖ್ಯ ಸೂಚನೆ. ಸಾಲ ತೀರಿ ಮನೆ ಋಣಮುಕ್ತವಾದೊಡನೆ, ಕ್ಯಾಶ್ ಕ್ರೆಡಿಟ್ ಮಿತಿ ಹೆಚ್ಚಿಸಲು ಅದನ್ನೇ ಹೆಚ್ಚುವರಿ ಭದ್ರತೆಯಾಗಿ ಕೊಡಿರೆಂದು ಬ್ಯಾಂಕಿನವರು ಕೇಳುವುದುಂಟು. ಒಪ್ಪಿದರೆ, ವ್ಯಾಪಾರ ಕುಸಿದ ದಿನ ಅಂಗಡಿಯೊಂದಿಗೆ ಪಿಂಚಣಿಯೂ ಹರಾಜಿಗೆ ಬರುತ್ತದೆ. ಅಂಗಡಿ ಸೋತಾಗ ಆಸರೆಯಾಗಲೆಂದು ಕೊಂಡ ಮನೆಯನ್ನು ಅಂಗಡಿಯ ಸಾಲಕ್ಕೇ ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ.

ಕೊಳ್ಳುವ ಮುನ್ನ ಪ್ರತಿಯೊಬ್ಬ ವ್ಯಾಪಾರಸ್ಥರೂ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಲಿ. ಮುಂಗಡದ ಹಣ ತೆಗೆದ ಮೇಲೂ ಸರಕಿನವರಿಗೆ ಹೇಳಿದ ದಿನ ಹಣ ಕೊಡಬಲ್ಲೆನೇ? ಆರು ತಿಂಗಳು ಮನೆ ಖಾಲಿ ಉಳಿದರೂ ಕಂತು ಕಟ್ಟಬಲ್ಲೆನೇ? ತಿಂಗಳಿಗೊಂದು ಭಾನುವಾರವನ್ನು ಇದಕ್ಕೆ ಮೀಸಲಿಡಬಲ್ಲೆನೇ? ಮೂರಕ್ಕೂ "ಹೌದು" ಎಂದಾದರೆ ಧೈರ್ಯದಿಂದ ಮುಂದುವರಿಯಲಿ. ಒಂದಕ್ಕಾದರೂ "ಇಲ್ಲ" ಎಂದಾದರೆ ಇನ್ನೆರಡು ವರ್ಷ ಆ ಹಣ ಠೇವಣಿಯಲ್ಲಿರಲಿ. ಕಾದು ಕೊಂಡ ಸಣ್ಣ ಮನೆಯು ಅವಸರದಿಂದ ಕೊಂಡ ದೊಡ್ಡ ಮನೆಗಿಂತ ವ್ಯಾಪಾರಿಯ ಮುಪ್ಪಿಗೆ ಹೆಚ್ಚು ಒದಗುತ್ತದೆ.